ಮಗಳಿಗೆ ಶುಗರ್ ಇದೆ, ನಾವು ಮುಚ್ಚಿಡುವುದಿಲ್ಲ

"ಯಾರಿಗೂ ಹೇಳ್ಬೇಡ ಕಣೇ, ಹೆಣ್ಣು ಮಗು, ನಾಳೆ ಕಷ್ಟ ಆಗುತ್ತೆ."

ಮಗಳಿಗೆ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾದ ಮೇಲೆ ನನಗೆ ಸಿಕ್ಕ ಸಲಹೆಗಳಲ್ಲಿ ಇದೇ ಜಾಸ್ತಿ. ಹೇಳಿದವರು ಯಾರೂ ಕೆಟ್ಟವರಲ್ಲ. ದೊಡ್ಡಮ್ಮ, ಅತ್ತೆಯ ತಂಗಿ, ಪಕ್ಕದ ಮನೆಯ ಆಂಟಿ, ಎಲ್ಲರೂ ನಮ್ಮ ಮೇಲಿನ ಪ್ರೀತಿಯಿಂದಲೇ ದನಿ ತಗ್ಗಿಸಿ ಹೇಳಿದರು. ಆದರೆ ಈ ಕಾಯಿಲೆಯನ್ನು ಮುಚ್ಚಿಟ್ಟರೆ ಮಗುವಿನ ಜೀವಕ್ಕೇ ಅಪಾಯ. ನಮ್ಮ ಹಾಗೆ ಹೊಸದಾಗಿ ಇದಕ್ಕೆ ಸಿಕ್ಕಿಕೊಂಡ ಅಪ್ಪ ಅಮ್ಮಂದಿರಿಗೆ ಇದನ್ನು ಯಾರಾದರೂ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ ಏನು ಅಂತ ಹೇಳಿಬಿಡುತ್ತೇನೆ. ಯಾಕೆಂದರೆ ಶುಗರ್ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಬೆಳಿಗ್ಗೆ ವಾಕಿಂಗ್ ಹೋಗುವ, ಕಾಫಿಗೆ ಸಕ್ಕರೆ ಬೇಡ ಅನ್ನುವ ಐವತ್ತು ದಾಟಿದವರು. ಅವರಿಗೆ ಇರುವುದು ಹೆಚ್ಚಾಗಿ ಟೈಪ್ 2. ಮಕ್ಕಳಿಗೆ ಬರುವುದು ಸಾಮಾನ್ಯವಾಗಿ ಟೈಪ್ 1, ಅದರ ದಾರಿಯೇ ಬೇರೆ. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಕೋಶಗಳು ಅಂತ ಇರುತ್ತವೆ, ಇನ್ಸುಲಿನ್ ತಯಾರಾಗುವುದು ಅಲ್ಲೇ. ರೋಗಾಣುಗಳ ಮೇಲೆ ಬೀಳಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಯಾಕೋ ಈ ಕೋಶಗಳ ಮೇಲೆಯೇ ತಿರುಗಿ ಬೀಳುತ್ತದೆ, ಒಂದೊಂದಾಗಿ ಕೊಲ್ಲುತ್ತಾ ಹೋಗುತ್ತದೆ. ಕೊನೆಗೆ ಇನ್ಸುಲಿನ್ ತಯಾರಾಗುವುದೇ ನಿಲ್ಲುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ತಿಂದ ಅನ್ನದ ಸಕ್ಕರೆ ರಕ್ತದಲ್ಲೇ ಸುತ್ತುತ್ತಿರುತ್ತದೆ, ಮೈಗೆ ಹತ್ತುವುದಿಲ್ಲ. ಚಾಕಲೇಟ್ ತಿಂದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಸುರಿಯಾಗಿದ್ದಾಗ ನಾನು ಏನು ತಿಂದೆ ಅನ್ನುವುದಕ್ಕೂ ಸಂಬಂಧ ಇಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಈ ಮೂರನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ, ಆದರೂ "ಸ್ವೀಟ್ ಜಾಸ್ತಿ ಕೊಡ್ತಿದ್ರಾ?" ಅಂತ ಕೇಳುವವರು ಇನ್ನೂ ಸಿಗುತ್ತಾರೆ. ಆ ಪ್ರಶ್ನೆ ಕೇಳುವಾಗ ಮಗು ಪಕ್ಕದಲ್ಲೇ ನಿಂತಿರುತ್ತದೆ ಅನ್ನುವುದನ್ನು ದಯವಿಟ್ಟು ನೆನಪಿಡಿ.

ನಮ್ಮವಳಿಗೆ ಆಗ ಆರು ವರ್ಷ. ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದಳು. ರಾತ್ರಿ ಎದ್ದು ಎದ್ದು ನೀರು ಕುಡಿಯುವುದು, ಚೆನ್ನಾಗಿ ಉಂಡರೂ ಮೈ ಇಳಿಯುವುದು, ಶಾಲೆಯಿಂದ ಬಂದವಳು ಬ್ಯಾಗ್ ಸಮೇತ ಸೋಫಾದ ಮೇಲೆ ಮಲಗಿಬಿಡುವುದು. ಬೇಸಿಗೆ ಕಾಲ, ನೀರು ಜಾಸ್ತಿ ಕುಡಿಯುತ್ತಿದ್ದಾಳೆ ಅಂತ ಎಲ್ಲರೂ ಅಂದರು. ಆಮೇಲೆ ಹೊಟ್ಟೆನೋವು, ವಾಂತಿ. ತೋರಿಸಿದ ಕಡೆ ಅಜೀರ್ಣ ಅಂತ ಸಿರಪ್ ಬರೆದುಕೊಟ್ಟರು. ಮಾರನೇ ದಿನ ಉಸಿರು ಜೋರಾಯಿತು, ಓಡಿ ಬಂದವರ ಹಾಗೆ ಎದೆ ಎಳೆದು ಎಳೆದು ಬಿಡುತ್ತಿದ್ದಳು, ಬಾಯಿಂದ ಹಣ್ಣು ಕೊಳೆತಂಥ ವಾಸನೆ. ದೊಡ್ಡಾಸ್ಪತ್ರೆಗೆ ಹೋದಾಗ ನರ್ಸ್ ಬೆರಳು ಚುಚ್ಚಿ ಮೀಟರ್ ನೋಡಿದರು, ಅದರಲ್ಲಿ ಸಂಖ್ಯೆಯೇ ಬರಲಿಲ್ಲ, 'ಹೈ' ಅಂತ ಮಾತ್ರ ಬಂತು. 600 ದಾಟಿದರೆ ಅನೇಕ ಮೀಟರ್‌ಗಳು ಹಾಗೇ ತೋರಿಸುತ್ತವೆ. ನೇರವಾಗಿ ಐಸಿಯುಗೆ ಸೇರಿಸಿದರು.

ಆ ಸ್ಥಿತಿಗೆ ಡಾಕ್ಟರ್‌ಗಳು ಡಿಕೆಎ ಅನ್ನುತ್ತಾರೆ. ಸಕ್ಕರೆ ಸಿಗದೆ ದೇಹ ತನ್ನ ಕೊಬ್ಬನ್ನೇ ಉರಿಸಲು ಶುರು ಮಾಡಿ, ಅದರಿಂದ ಹುಟ್ಟುವ ಕೀಟೋನ್‌ಗಳು ಸೇರಿ ರಕ್ತ ಆಮ್ಲವಾಗುತ್ತದೆ, ಆ ವಾಸನೆ, ಆ ಉಸಿರು ಎಲ್ಲವೂ ಅದರದ್ದೇ. ತಡವಾದರೆ ಮಗು ಉಳಿಯುವುದಿಲ್ಲ. ಅದಕ್ಕೇ ಹೇಳುತ್ತೇನೆ, ಜಾಸ್ತಿ ಬಾಯಾರಿಕೆ, ಜಾಸ್ತಿ ಮೂತ್ರ, ತೂಕ ಇಳಿಯುವುದು, ಸುಸ್ತು, ಇವು ಒಟ್ಟಿಗೆ ಕಂಡರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಬೆರಳು ಚುಚ್ಚಿಸಿ ನೋಡಿ. ಯಾವ ಕ್ಲಿನಿಕ್‌ನಲ್ಲಾದರೂ ಒಂದು ನಿಮಿಷದ ಕೆಲಸ ಅದು. ವಾಂತಿ ಅಂತ ಹೋದರೂ "ಒಂದ್ಸಲ ಶುಗರ್ ನೋಡಿಬಿಡಿ ಡಾಕ್ಟ್ರೇ" ಅಂತ ನೀವೇ ಬಾಯಿಬಿಟ್ಟು ಕೇಳಿ.

ಆಸ್ಪತ್ರೆಯಲ್ಲಿ ಇನ್ಸುಲಿನ್ ಹನಿ ಹನಿಯಾಗಿ ಹೋಗುತ್ತಿದ್ದ ಹಾಗೆ ಮಗಳು ಕಣ್ಣುಬಿಟ್ಟು ಇಡ್ಲಿ ಬೇಕು ಅಂದಳು. ನೂರು ವರ್ಷಕ್ಕೂ ಹಿಂದೆ, ಇನ್ಸುಲಿನ್ ಸಿಗುವ ಮುಂಚೆ, ಇದು ಆಗುತ್ತಿರಲಿಲ್ಲ. ಆಗ ಈ ಕಾಯಿಲೆ ಬಂದ ಮಕ್ಕಳನ್ನು ಉಪವಾಸ ಕೆಡವಿ ಒಂದಿಷ್ಟು ತಿಂಗಳು ಜಾಸ್ತಿ ಬದುಕಿಸುವುದಷ್ಟೇ ವೈದ್ಯರ ಕೈಲಿದ್ದದ್ದು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅನ್ನುವ ಇಬ್ಬರು ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಅದನ್ನು ಮೊದಲು ಕೊಟ್ಟರು. ಮೊದಲ ಸಲ ಸರಿಹೋಗಲಿಲ್ಲ, ಶುದ್ಧ ಮಾಡಿ ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು. ಸಾಯಲು ಬಿದ್ದಿದ್ದ ಆ ಹುಡುಗ ಇನ್ನೂ 13 ವರ್ಷ ಬದುಕಿದ. ಅದರ ಪೇಟೆಂಟನ್ನು ಕಂಡುಹಿಡಿದವರು ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14, ಅದಕ್ಕೇ ಅದು ವಿಶ್ವ ಡಯಾಬಿಟಿಸ್ ದಿನ. ನಮ್ಮಲ್ಲಿ ಅವತ್ತೇ ಮಕ್ಕಳ ದಿನಾಚರಣೆ ಅಲ್ವಾ. ನಮ್ಮ ಮನೆಯಲ್ಲಿ ಆ ದಿನ ಪಾಯಸ ಮಾಡುತ್ತೇನೆ, ಮಗಳು ಅಳತೆ ನೋಡಿ ಇನ್ಸುಲಿನ್ ತೆಗೆದುಕೊಂಡು ಬಟ್ಟಲು ಖಾಲಿ ಮಾಡುತ್ತಾಳೆ.

ಮನೆಗೆ ಬಂದ ಮೇಲೆ ನಾವು ಕಲಿತದ್ದರಲ್ಲಿ ಒಂದನ್ನು ಎಲ್ಲರಿಗೂ ಕಿರುಚಿ ಹೇಳಬೇಕು ಅನ್ನಿಸುತ್ತದೆ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಬಗೆ. ಒಂದರಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರ ಬಾಟಲಿಗೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜ್. ಮೆಡಿಕಲ್ ಸ್ಟೋರ್‌ನಲ್ಲಿ ಅವಸರದಲ್ಲಿ ಯಾವುದೋ ಒಂದನ್ನು ಕೊಟ್ಟುಬಿಡಬಹುದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 10ರ ಗೆರೆಯವರೆಗೆ ಎಳೆದರೆ ಮಗುವಿನ ಮೈಗೆ ಹೋಗುವುದು 25 ಯೂನಿಟ್. ಎರಡೂವರೆ ಪಟ್ಟು! ಇನ್ಸುಲಿನ್ ತುಂಬಿದ ಪೆನ್ ಬಳಸುವವರಿಗೆ ಈ ಗೊಂದಲ ಇಲ್ಲ, ಆದರೆ ಪೆನ್ ಕೆಟ್ಟ ದಿನ ಯಾರೋ ಸಿರಿಂಜ್ ತಂದುಕೊಡುತ್ತಾರೆ ನೋಡಿ, ಅವತ್ತು ಬಾಟಲಿಯ ಮೇಲಿನ ಸಂಖ್ಯೆ, ಮುಚ್ಚಳದ ಬಣ್ಣ ಎರಡನ್ನೂ ಗಟ್ಟಿಯಾಗಿ ಓದಿ.

ದಿನಕ್ಕೆ ನಾಲ್ಕು ಇಂಜೆಕ್ಷನ್. ಊಟ ತಿಂಡಿಗೆ ಮುಂಚೆ ಬೇಗ ಕೆಲಸ ಮಾಡುವುದು ಮೂರು ಸಲ, ಇಡೀ ದಿನಕ್ಕೆ ನಿಧಾನವಾಗಿ ಕೆಲಸ ಮಾಡುವುದು ಒಂದು ಸಲ. ಹೊಟ್ಟೆ, ತೊಡೆ, ತೋಳು ಅಂತ ಜಾಗ ಬದಲಿಸುತ್ತಿರಬೇಕು, ಒಂದೇ ಕಡೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ ಔಷಧ ಸರಿಯಾಗಿ ಹತ್ತುವುದಿಲ್ಲ. ಆರು ವರ್ಷದ ಮಗುವನ್ನು ಹಿಡಿದು ಚುಚ್ಚುವುದು ಹೇಗಿರುತ್ತದೆ ಅಂತ ಕೇಳಬೇಡಿ. ಮೊದಮೊದಲು ಅವಳು ಮಂಚದ ಕೆಳಗೆ ನುಸುಳುತ್ತಿದ್ದಳು. ಈಗ ಏಳನೇ ಕ್ಲಾಸು, ತಾನೇ ಟಿವಿ ನೋಡುತ್ತಾ ಹಾಕಿಕೊಳ್ಳುತ್ತಾಳೆ.

ಅಡುಗೆಮನೆಯಲ್ಲಿ ಒಂದು ತೂಕದ ಮಾಪಕ ಬಂತು. ಅನ್ನ 100 ಗ್ರಾಂ ಬಡಿಸಿದರೆ ಅದರಲ್ಲಿ ಸುಮಾರು 28 ಗ್ರಾಂ ಕಾರ್ಬ್, ಅಂದರೆ ಮೈಯೊಳಗೆ ಸಕ್ಕರೆಯಾಗುವ ಅಂಶ. ಮುದ್ದೆ ತಿಂದರೆ ಶುಗರ್ ಏರಲ್ಲ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದಾರೆ, ನಮ್ಮತ್ತೆಯೂ ಅದನ್ನೇ ಹೇಳುತ್ತಿದ್ದರು. 100 ಗ್ರಾಂ ರಾಗಿ ಹಿಟ್ಟಿನಲ್ಲಿ 67 ಗ್ರಾಂನಷ್ಟು ಕಾರ್ಬ್ ಇರುತ್ತದೆ. ರಾಗಿ ಒಳ್ಳೆಯದೇ, ನಾರು ಇದೆ, ಸುಣ್ಣದ ಅಂಶ ಇದೆ, ಆದರೆ ದೊಡ್ಡ ಮುದ್ದೆ ನುಂಗಿದರೆ ಇನ್ಸುಲಿನ್ ಕೂಡ ದೊಡ್ಡದೇ ಬೇಕು. ಇಷ್ಟು ಗ್ರಾಂ ಕಾರ್ಬ್‌ಗೆ ಒಂದು ಯೂನಿಟ್ ಅಂತ ಡಾಕ್ಟರ್ ಲೆಕ್ಕ ಹಾಕಿಕೊಡುತ್ತಾರೆ, ಅದು ಒಂದೊಂದು ಮಗುವಿಗೆ ಒಂದೊಂದು, ಬೆಳಿಗ್ಗೆಗೊಂದು ರಾತ್ರಿಗೊಂದು, ಬೆಳೆದ ಹಾಗೆ ಬದಲಾಗುತ್ತಲೇ ಇರುತ್ತದೆ. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಈಗ ಹಬ್ಬದ ದಿನ ಅವರೇ ಹೂರಣ ತೂಗಿ "ಹೋಳಿಗೆಗೆ ಇಷ್ಟು ಬಂತು, ಬರ್ಕೊಳಮ್ಮಾ" ಅಂತ ಮೊಮ್ಮಗಳಿಗೆ ಹೇಳುತ್ತಾರೆ. ತುಪ್ಪ ಜಾಸ್ತಿ ಬಿದ್ದರೆ ಸಕ್ಕರೆ ತಡವಾಗಿ ಏರುತ್ತದೆ ಅನ್ನುವುದನ್ನೂ ಅವರು ನೋಡಿ ನೋಡಿಯೇ ಕಂಡುಕೊಂಡಿದ್ದಾರೆ. ನನಗೆ ಅವರ ಮೇಲೆ ಇರುವ ಗೌರವ ಈ ಒಂದು ವಿಷಯದಿಂದ ಎಷ್ಟೋ ಹೆಚ್ಚಾಗಿದೆ.

ಇನ್ನು ನಾಟಿ ಔಷಧದ ವಿಷಯ. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಾಗಲಕಾಯಿ ರಸ, ಮೆಂತ್ಯ, ಅಮೃತಬಳ್ಳಿ, ಎಂಥದ್ದೋ ಬೇರು, ಎಲ್ಲವನ್ನೂ ತಂದುಕೊಟ್ಟವರಿದ್ದಾರೆ. ಅಷ್ಟೇ ಆದರೆ ಪರವಾಗಿಲ್ಲ. "ಮೂರು ತಿಂಗಳು ನಮ್ಮ ಪುಡಿ ಕೊಡಿ, ಇಂಜೆಕ್ಷನ್ ನಿಲ್ಲಿಸಿ" ಅನ್ನುವವರಿದ್ದಾರಲ್ಲ, ಅವರು ಮಕ್ಕಳ ಪ್ರಾಣದ ಜೊತೆ ಆಡುತ್ತಿದ್ದಾರೆ. ಮತ್ತೆ ಅವರ ಮಾತು ನಿಜ ಅನ್ನಿಸುವುದಕ್ಕೆ ಒಂದು ಕಾರಣವೂ ಇದೆ, ಅದು ಗೊತ್ತಿದ್ದರೆ ನೀವು ಮೋಸ ಹೋಗುವುದಿಲ್ಲ. ಇನ್ಸುಲಿನ್ ಶುರು ಮಾಡಿದ ಕೆಲವು ವಾರಗಳಲ್ಲಿ ಅಳಿದುಳಿದ ಬೀಟಾ ಕೋಶಗಳು ಸ್ವಲ್ಪ ಸುಧಾರಿಸಿಕೊಳ್ಳುತ್ತವೆ. ಆಗ ಕೆಲವು ಮಕ್ಕಳಿಗೆ ಕೆಲವು ತಿಂಗಳ ಕಾಲ ಇನ್ಸುಲಿನ್ ತುಂಬಾ ಕಡಿಮೆ ಸಾಕಾಗುತ್ತದೆ. ಡಾಕ್ಟರ್‌ಗಳು ಇದಕ್ಕೆ ಹನಿಮೂನ್ ಅನ್ನುತ್ತಾರೆ. ಸರಿಯಾಗಿ ಇದೇ ಸಮಯದಲ್ಲಿ ಪುಡಿಯೋ ಕಷಾಯವೋ ಶುರುವಾಗಿದ್ದರೆ "ನೋಡಿ, ಔಷಧ ಹಿಡೀತು" ಅಂತ ಎಲ್ಲರಿಗೂ ಅನ್ನಿಸುತ್ತದೆ. ಇಂಜೆಕ್ಷನ್ ನಿಲ್ಲಿಸುತ್ತಾರೆ. ಆ ಕೋಶಗಳು ಒಂದು ದಿನ ಪೂರ್ತಿ ಕೈಕೊಡುತ್ತವೆ, ಮಗು ಮತ್ತೆ ಡಿಕೆಎಗೆ ಹೋಗುತ್ತದೆ. ಜ್ವರ ಬಂದು ಏನೂ ತಿನ್ನದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸುವ ಹಾಗಿಲ್ಲ, ಇನ್ನು ಪುಡಿ ನಂಬಿ ನಿಲ್ಲಿಸುವುದು ಅಂದರೆ ಏನು ಹೇಳಲಿ.

ಹೀಗೆ ಪುಡಿ ಮಾರುವವರ ಕೈಗೆ ಜಾಸ್ತಿ ಸಿಗುವುದು ಮುಚ್ಚಿಟ್ಟವರೇ. ಯಾರಿಗೂ ಹೇಳಿಲ್ಲ ಅಂದರೆ ಯಾರನ್ನೂ ಕೇಳುವ ಹಾಗೂ ಇಲ್ಲ ಅಲ್ವಾ. ಗುಟ್ಟಾಗಿ ಹೋಗುತ್ತಾರೆ, ಗುಟ್ಟಾಗಿ ಕೊಡುತ್ತಾರೆ.

ನಾವು ಹೇಳಿಕೊಂಡು ತಿರುಗಲು ಶುರು ಮಾಡಿದ್ದು ಒಂದು ಮದುವೆಮನೆಯಲ್ಲಿ. ಪಂಕ್ತಿ ಊಟಕ್ಕೂ ಇನ್ಸುಲಿನ್‌ಗೂ ಹೊಂದಿಕೆಯೇ ಆಗುವುದಿಲ್ಲ. ಊಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ಆ ಪಂಕ್ತಿಯಲ್ಲಿ ಜಾಗ ಸಿಗದೆ ಮುಂದಿನ ಪಂಕ್ತಿಗೆ ಕಾಯಬೇಕಾದರೆ ಸಕ್ಕರೆ ಕುಸಿಯುತ್ತದೆ. ಅದಕ್ಕೆ ಎಲೆ ಮುಂದೆ ಕೂತ ಮೇಲೆಯೇ ಹಾಕುವುದು ಅಂತ ನಾನೂ ನಮ್ಮ ಮನೆಯವರೂ ಮಾತಾಡಿಕೊಂಡಿದ್ದೆವು. "ಬಾತ್‌ರೂಮಿಗೆ ಕರ್ಕೊಂಡು ಹೋಗಿ ಹಾಕಬಾರ್ದಾ, ಎಲ್ರೂ ನೋಡ್ತಾರೆ" ಅಂತ ಹತ್ತಿರದವರೊಬ್ಬರು ಅಂದರು. ಕಲ್ಯಾಣ ಮಂಟಪದ ಬಾತ್‌ರೂಮು ಇಂಜೆಕ್ಷನ್ ಹಾಕುವ ಜಾಗವಾ? ಕೋಸಂಬರಿ, ಪಲ್ಯ ಬಡಿಸುತ್ತಾ ಬರುತ್ತಿದ್ದರು, ನಾನು ಅಲ್ಲೇ ಲಂಗ ಸ್ವಲ್ಪ ಸರಿಸಿ ತೊಡೆಗೆ ಹಾಕಿದೆ. ಎದುರು ಸಾಲಿನವರು ನೋಡಿದರು. ಒಬ್ಬ ಅಜ್ಜಿ "ಅಯ್ಯೋ ಪಾಪ" ಅಂದರು. ಮಗಳು ಅವರ ಕಡೆ ನೋಡಿ "ಪಾಪ ಏನಿಲ್ಲ ಅಜ್ಜಿ, ನಂಗೆ ಊಟಕ್ಕೆ ಮುಂಚೆ ಇನ್ಸುಲಿನ್ ಬೇಕು ಅಷ್ಟೆ, ಆಮೇಲೆ ಜಹಾಂಗೀರ್ ತಿಂತೀನಿ" ಅಂದಳು. ಆ ಪಂಕ್ತಿಯಲ್ಲೇ ಇದ್ದ ಒಬ್ಬ ಹೆಂಗಸು ಕೈತೊಳೆಯುವ ಜಾಗದಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಗನಿಗೂ ಇದೇ ಇತ್ತು. ಅವರ ನಾದಿನಿಗೂ ಅದುವರೆಗೆ ಗೊತ್ತಿರಲಿಲ್ಲವಂತೆ. ಈಗ ನಾವಿಬ್ಬರೂ ವಾರಕ್ಕೊಮ್ಮೆಯಾದರೂ ಮಾತಾಡುತ್ತೇವೆ, ಒಬ್ಬರ ಮನೆಯಲ್ಲಿ ಮೀಟರಿಗೆ ಹಾಕಿ ಶುಗರ್ ನೋಡುವ ಸ್ಟ್ರಿಪ್ ಖಾಲಿಯಾದರೆ ಇನ್ನೊಬ್ಬರ ಮನೆಯಿಂದ ಹೋಗುತ್ತದೆ.

ಮುಚ್ಚಿಟ್ಟರೆ ಜೀವಕ್ಕೆ ಅಪಾಯ ಅಂದೆನಲ್ಲ, ಅದಕ್ಕೆ ದೊಡ್ಡ ಕಾರಣ 'ಲೋ'. ಸಕ್ಕರೆ 70ಕ್ಕಿಂತ ಕೆಳಗೆ ಹೋಗುವುದಕ್ಕೆ ನಾವು ಮನೆಯಲ್ಲಿ ಲೋ ಅನ್ನುತ್ತೇವೆ. ಕೈ ನಡುಗುತ್ತದೆ, ಬೆವರುತ್ತದೆ, ಹಸಿವು, ಸುಮ್ಮಸುಮ್ನೆ ಸಿಟ್ಟು ಅಥವಾ ಅಳು. ಇನ್ನೂ ಇಳಿದರೆ ಮಾತು ತೊದಲುತ್ತದೆ, ಪ್ರಜ್ಞೆ ತಪ್ಪುತ್ತದೆ, ಫಿಟ್ಸ್ ಬರಬಹುದು. ಎಚ್ಚರ ಇರುವಾಗ ಮಾಡಬೇಕಾದ್ದು ಸುಲಭ. ಮೂರು ಟೀ ಚಮಚ ಸಕ್ಕರೆ ಅಥವಾ ಅಷ್ಟೇ ಗ್ಲೂಕೋಸ್, ಚಿಕ್ಕ ಮಕ್ಕಳಿಗೆ ಇನ್ನೂ ಕಡಿಮೆ, 15 ನಿಮಿಷ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡುವುದು, ಏರಿಲ್ಲದಿದ್ದರೆ ಮತ್ತೆ ಕೊಡುವುದು. ಚಾಕಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಪ್ರಜ್ಞೆ ಇಲ್ಲದಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಉಸಿರು ಕಟ್ಟುತ್ತದೆ. ಸಕ್ಕರೆ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇದ್ದರೆ ಅದು, ಇಲ್ಲದಿದ್ದರೆ ನೇರ ಆಸ್ಪತ್ರೆ. ಈಗ ಯೋಚನೆ ಮಾಡಿ, ಇದ್ಯಾವುದೂ ಗೊತ್ತಿಲ್ಲದ ಒಬ್ಬ ಟೀಚರ್ ಎದುರು ಮಗು ಬೆವರುತ್ತಾ ಕೂತಿದೆ. "ಹೋಂವರ್ಕ್ ಮಾಡಿಲ್ಲ, ಭಯಕ್ಕೆ ಹೀಗೆ" ಅಂದುಕೊಳ್ಳುತ್ತಾರೆ. "ಹೋಗಿ ಮಲಕ್ಕೋ" ಅನ್ನುತ್ತಾರೆ. ಅವರ ತಪ್ಪು ಏನಿದೆ ಅದರಲ್ಲಿ? ಅವರಿಗೆ ಯಾರೂ ಹೇಳಿಲ್ಲ.

ನಾವು ಮೊದಲು ಸೇರಿಸಿದ್ದ ಶಾಲೆಯಲ್ಲಿ ಹೇಳಿದೆವು, ಅದರ ಫಲ ಒಳ್ಳೆಯದಾಗಲಿಲ್ಲ, ಅದನ್ನೂ ಬರೆಯಬೇಕು. ಸೂಜಿ ಶಾಲೆಯೊಳಗೆ ತರುವ ಹಾಗಿಲ್ಲ ಅಂದರು. ಮಧ್ಯಾಹ್ನ ನೀವೇ ಬಂದು ಕೊಡಿ ಅಂದರು, ಬರುತ್ತಿದ್ದೆ, ಗೇಟಿನ ಹತ್ತಿರ ವಾಚ್‌ಮನ್ ಕುರ್ಚಿಯಲ್ಲಿ ಮಗಳನ್ನು ಕೂರಿಸಿ ಕೊಡುತ್ತಿದ್ದೆ. ಆಟದ ಪೀರಿಯಡ್‌ನಲ್ಲಿ ಅವಳನ್ನು ಕ್ಲಾಸಲ್ಲೇ ಕೂರಿಸುತ್ತಿದ್ದರು. ಕ್ಲಾಸಲ್ಲಿ ಯಾರದ್ದೋ ಹುಟ್ಟುಹಬ್ಬ ಆದರೆ ಎಲ್ಲರಿಗೂ ಚಾಕಲೇಟ್, ಇವಳಿಗೆ ಮಾತ್ರ ಪೆನ್ಸಿಲ್. ವರ್ಷ ಮುಗಿದ ಮೇಲೆ ಶಾಲೆ ಬದಲಿಸಿದೆವು. ಹೊಸ ಶಾಲೆಗೆ ಹೋಗುವಾಗ ಕೈಯಲ್ಲಿ ಎರಡು ವಿಷಯ ಇಟ್ಟುಕೊಂಡು ಹೋದೆ, ನೀವೂ ಇಟ್ಟುಕೊಳ್ಳಿ. ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗ 2023ರಲ್ಲಿ ಎಲ್ಲ ರಾಜ್ಯಗಳ ಶಿಕ್ಷಣ ಇಲಾಖೆಗಳಿಗೆ ಪತ್ರ ಬರೆದಿದೆ, ಟೈಪ್ 1 ಇರುವ ಮಗು ಶಾಲೆಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ಡಾಕ್ಟರ್ ಹೇಳಿದ ಸಮಯಕ್ಕೆ ತಿನ್ನಲು ಬಿಡಬೇಕು ಅಂತ. ಸಿಬಿಎಸ್‌ಇ 2017ರಲ್ಲೇ ಬೋರ್ಡ್ ಪರೀಕ್ಷೆಗೆ ಇಂಥ ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ನೀರಿನ ಬಾಟಲಿ ಒಯ್ಯಬಹುದು ಅಂತ ಸುತ್ತೋಲೆ ಹೊರಡಿಸಿತ್ತು. ಜಗಳ ಮಾಡುವ ಧಾಟಿಯಲ್ಲಿ ಹೋಗಬೇಡಿ, ಪ್ರಿಂಟ್ ತೆಗೆದುಕೊಂಡು ಹೋಗಿ ಟೇಬಲ್ ಮೇಲಿಡಿ.

ಹೊಸ ಶಾಲೆಯ ಹೆಡ್‌ಮಿಸ್ ಪೂರ್ತಿ ಓದಿ, "ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ನೀವೇ ಹೇಳಿಕೊಡ್ತೀರಾ?" ಅಂದರು. ಹೇಳಿಕೊಟ್ಟೆ. ಲೋ ಆದರೆ ಏನು ಮಾಡಬೇಕು ಅಂತ ಒಂದು ಹಾಳೆ ಕನ್ನಡದಲ್ಲಿ ಬರೆದು ಅಂಟಿಸಿದ್ದೇವೆ, ನಮ್ಮ ಫೋನ್ ನಂಬರ್ ಸಮೇತ. ಆಯಾಗೂ ಗೊತ್ತು, ಪಿಟಿ ಸರ್‌ಗೂ ಗೊತ್ತು, ಅವಳ ಪಕ್ಕದಲ್ಲಿ ಕೂರುವ ಗೆಳತಿಗಂತೂ ನನಗಿಂತ ಚೆನ್ನಾಗಿ ಗೊತ್ತು. ಖೋ ಖೋ ಆಡಿದ ದಿನ ಸಕ್ಕರೆ ಇಳಿಯುತ್ತದೆ, ಕೆಲವು ಸಲ ಆಟ ಮುಗಿದು ಎಷ್ಟೋ ಹೊತ್ತಾದ ಮೇಲೆ ರಾತ್ರಿ ಇಳಿಯುತ್ತದೆ. ಅದಕ್ಕೆ ಪಿಟಿ ಸರ್ ಇವತ್ತು ಜೋರು ಆಟ ಆಯಿತು ಅಂತ ಮೆಸೇಜ್ ಹಾಕುತ್ತಾರೆ. ಅಂಥ ರಾತ್ರಿ ನಾನೋ ನಮ್ಮ ಮನೆಯವರೋ ಎದ್ದು ನೋಡುತ್ತೇವೆ. ತಾನಾಗಿಯೇ ಸಕ್ಕರೆ ಅಳೆಯುತ್ತಿರುವ, ತೋಳಿಗೆ ಅಂಟಿಸುವ ಸೆನ್ಸರ್ ಇದ್ದರೆ ನಿದ್ದೆಗೆಡುವುದು ಕಡಿಮೆ. ಅದು ಒಂದು 14 ದಿನ ಬರುತ್ತದೆ, ಬೆಲೆ ಸಾವಿರಗಟ್ಟಲೆ, ಪ್ರತಿ ತಿಂಗಳೂ ಹಾಕಿಸಲು ನಮ್ಮ ಕೈಲಿ ಆಗುವುದಿಲ್ಲ. ಪರೀಕ್ಷೆ ಸಮಯದಲ್ಲಿ, ಊರಿಗೆ ಹೋಗುವಾಗ ಹಾಕಿಸುತ್ತೇವೆ.

ಇವಳಿಗೆ ತಮ್ಮ ಒಬ್ಬನಿದ್ದಾನೆ. ನಡುರಾತ್ರಿ ದೀಪ ಹಾಕಿದಾಗ ಅವನೂ ಏಳುತ್ತಾನೆ, ಅಡುಗೆಮನೆಗೆ ಹೋಗಿ ಗ್ಲೂಕೋಸ್ ಡಬ್ಬಿ ತಂದುಕೊಟ್ಟು ಮಲಗುತ್ತಾನೆ. ಅವನಿಗೆ ನಮ್ಮ ಗಮನ ಕಡಿಮೆ ಸಿಗುತ್ತದೆ ಅನ್ನುವ ನೋವು ನನಗಿದೆ. ಭಾನುವಾರ ಸಂಜೆ ಅವನೊಬ್ಬನನ್ನೇ ಕರೆದುಕೊಂಡು ಅವರಪ್ಪ ಹೊರಗೆ ಹೋಗುತ್ತಾರೆ, ಅವತ್ತು ಶುಗರ್ ಮಾತು ಎತ್ತುವ ಹಾಗಿಲ್ಲ.

ಊರು ಅಂದೆನಲ್ಲ, ಅತ್ತೆಯ ಊರು ಅರಸೀಕೆರೆ ಹತ್ತಿರದ ಹಳ್ಳಿ. ಬೇಸಿಗೆಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೋ. ತೆರೆಯದ ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯಲ್ಲಿ ಇರಬೇಕು, ಫ್ರೀಜರ್‌ನಲ್ಲಿ ಇಟ್ಟು ಹೆಪ್ಪುಗಟ್ಟಿದರೆ ಬಿಸಾಡಬೇಕು. ಬಳಸುತ್ತಿರುವುದು ಸುಮಾರು ನಾಲ್ಕು ವಾರ ಹೊರಗೆ ತಂಪಾದ ಕಡೆ ಇರಬಹುದು. ಅಲ್ಲಿ ನಾವು ಮಾಡುವುದು ಹಳೇ ಉಪಾಯ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಮರಳು, ಮರಳಿಗೆ ನೀರು, ಮೇಲೆ ಒದ್ದೆ ಬಟ್ಟೆ. ಬಾಟಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಒಳಗಿಡುವುದು. ಫ್ರಿಜ್ಜಿನಷ್ಟು ತಣ್ಣಗಾಗುವುದಿಲ್ಲ, ಆದರೆ ಸುಡುವ ಬಿಸಿಲಿನಿಂದ ಕಾಪಾಡುತ್ತದೆ. ಬಸ್ಸಿನಲ್ಲಿ ಹೋಗುವಾಗ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಲಗೇಜಿನ ಜೊತೆ ಡಿಕ್ಕಿಗೆ ಹಾಕಬೇಡಿ.

ಖರ್ಚಿನ ಬಗ್ಗೆ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಸ್ಥಿತಿಗಳಿವೆ. ತಲಸ್ಸೇಮಿಯಾ, ಹಿಮೋಫಿಲಿಯಾ ಸೇರಿವೆ, ಸೇರಬೇಕಾದ್ದೇ. ಟೈಪ್ 1 ಇಲ್ಲ. ಹಾಗಾಗಿ ಕಾರ್ಡು, ತೆರಿಗೆ ವಿನಾಯಿತಿ ಯಾವುದೂ ಇದರ ಹೆಸರಲ್ಲಿ ಬರುವುದಿಲ್ಲ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಂಡರೆ ಮಾತ್ರ ಬದುಕುವ ಮಗುವಿಗೆ ಸ್ಟ್ರಿಪ್ಪಾದರೂ ಪುಕ್ಕಟೆ ಸಿಗಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಕೂಲಿ ಮಾಡುವವರ ಮನೆಯಲ್ಲಿ ಸ್ಟ್ರಿಪ್ ಉಳಿಸಲು ಹೋಗಿ ಶುಗರ್ ನೋಡದೆ ಅಂದಾಜಿನ ಮೇಲೆ ಇನ್ಸುಲಿನ್ ಕೊಡುತ್ತಾರೆ. ಇದನ್ನು ಸರ್ಕಾರಕ್ಕೆ ಕೇಳಬೇಕಾದರೂ ನಾವು ಎಷ್ಟು ಜನ ಇದ್ದೇವೆ ಅಂತ ಮೊದಲು ಕಾಣಿಸಿಕೊಳ್ಳಬೇಕು. ಎಲ್ಲರೂ ಬಾಗಿಲು ಹಾಕಿಕೊಂಡು ಕೂತರೆ ಕೇಳುವವರು ಯಾರು?

ಕೊನೆಗೆ ಮದುವೆ ಮಾತು. ಹನ್ನೆರಡು ವರ್ಷದ ಹುಡುಗಿಯ ಮದುವೆ! ಆದರೂ ಕೇಳುತ್ತಾರೆ, ಅದಕ್ಕೆ ಬರೆಯುತ್ತೇನೆ. ನಮ್ಮ ನಾದಿನಿ ಯುಗಾದಿಗೆ ಬಂದವರು "ಗಂಡಿನ ಕಡೆಯವ್ರು ಬಂದಾಗ ಏನ್ ಮಾಡ್ತೀಯಾ ಅತ್ತಿಗೆ?" ಅಂತ ನಿಜವಾದ ಕಾಳಜಿಯಿಂದಲೇ ಕೇಳಿದರು. ಹೇಳುತ್ತೇನೆ ಅಂದೆ. ಅವರು ಕೇಳುವ ಮುಂಚೆ ನಾವೇ ಹೇಳುತ್ತೇವೆ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಅವಳು ಇನ್ಸುಲಿನ್ ಎಲ್ಲಿಡುತ್ತಾಳೆ? ಹೊಸ ಮನೆಯಲ್ಲಿ ನಡುರಾತ್ರಿ ಲೋ ಆದರೆ ಯಾರನ್ನು ಎಬ್ಬಿಸುತ್ತಾಳೆ? ಯಾರಿಗೂ ಕಾಣಬಾರದು ಅಂತ ಒಂದು ದಿನ, ಎರಡು ದಿನ ಇಂಜೆಕ್ಷನ್ ತಪ್ಪಿಸಿದರೆ ಏನಾಗುತ್ತದೆ ಅಂತ ನಾನು ಐಸಿಯುನಲ್ಲಿ ನೋಡಿದ್ದೇನೆ. ಮಕ್ಕಳಾಗುವುದಿಲ್ಲವೇನೋ ಅನ್ನುವ ಅನುಮಾನವೂ ಅವರಿಗಿತ್ತು. ಮಗು ಬೇಕು ಅಂದುಕೊಳ್ಳುವ ಮುಂಚಿನಿಂದಲೇ ಸಕ್ಕರೆ ಹತೋಟಿಯಲ್ಲಿಟ್ಟು ಡಾಕ್ಟರ್ ನಿಗಾದಲ್ಲಿದ್ದರೆ ಟೈಪ್ 1 ಇರುವ ಹೆಣ್ಣುಮಕ್ಕಳು ತಾಯಂದಿರಾಗುತ್ತಾರೆ, ಆಗಿದ್ದಾರೆ. ವಾಸಿಂ ಅಕ್ರಮ್ ಗೊತ್ತಲ್ಲ, ಮೂವತ್ತರ ಆಸುಪಾಸಿನಲ್ಲಿ ಇದು ಬಂದ ಮೇಲೂ ವರ್ಷಗಟ್ಟಲೆ ಪಾಕಿಸ್ತಾನಕ್ಕೆ ಬೌಲಿಂಗ್ ಮಾಡಿದವರು. ಗ್ಯಾರಿ ಹಾಲ್ ಅಂತ ಅಮೆರಿಕದ ಈಜುಗಾರ, ಕಾಯಿಲೆ ಗೊತ್ತಾದ ಮೇಲೆ 2000 ಮತ್ತು 2004ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ. ನಾದಿನಿ ಇದನ್ನೆಲ್ಲ ಕೇಳಿ ಸುಮ್ಮನಾದರು. ಹೊರಡುವಾಗ ನನ್ನ ಹತ್ತಿರ ಲೋ ಹಾಳೆಯ ಒಂದು ಕಾಪಿ ಕೇಳಿ ತೆಗೆದುಕೊಂಡು ಹೋದರು, ರಜೆಗೆ ಮಗಳನ್ನು ಅವರ ಮನೆಗೆ ಕಳಿಸಬೇಕಂತೆ.

ಈ ಡಿಸೆಂಬರ್‌ನಲ್ಲಿ ಶಾಲೆಯಿಂದ ಹಂಪಿ, ಬಾದಾಮಿ ಪ್ರವಾಸ ಇದೆ. ನಾವಿಬ್ಬರೂ ಇಲ್ಲದೆ ಅವಳು ರಾತ್ರಿ ಹೊರಗೆ ಉಳಿಯುವುದು ಇದೇ ಮೊದಲು. ಸೈನ್ಸ್ ಮಿಸ್ ಒಬ್ಬರು ತಾವಾಗಿಯೇ ಬಂದು "ಅವಳ ರೂಮಲ್ಲಿ ನಾನು ಮಲಗ್ತೀನಿ, ಮೀಟರ್ ಹಿಡಿಯೋದು ಹೇಳಿಕೊಡಿ" ಅಂದಿದ್ದಾರೆ. ಶನಿವಾರ ಮಧ್ಯಾಹ್ನ ಮನೆಗೆ ಬರುತ್ತಾರೆ. ಅವರಿಗೆ ಏನೇನು ಹೇಳಿಕೊಡಬೇಕು ಅಂತ ಮಗಳು ತಾನೇ ಪಟ್ಟಿ ಮಾಡುತ್ತಾ ಕೂತಿದ್ದಾಳೆ, ಮೊದಲನೆಯದು ಅವರ ಬೆರಳಿಗೆ ತಾನೇ ಚುಚ್ಚಿ ತೋರಿಸುವುದಂತೆ.